ಒಂದೇ ಕಡೆಯ ತಂತಿ

ಮೈಕಣ್ಣನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಮೈಕು ರಿಪೇರಿ ಮಾಡುವ ಬೇರೆಯವರು ಅದನ್ನು ತಟ್ಟಿ "ಹಲೋ, ಹಲೋ" ಎಂದು ಮುಗಿಸಿದರೆ, ಇವನು ದೊಡ್ಡ ಸ್ಪೀಕರುಗಳನ್ನು ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದ. ಹಲ್ಲುನೋವು, ಸೋರುವ ನಲ್ಲಿ, ಮಿಕ್ಸಿ ಕೆಟ್ಟಾಗ ಮಾತ್ರ ಫೋನ್ ಮಾಡುವ ಅಕ್ಕ. ಸದ್ದು ಸರಿಯಿದೆಯೇ ಎಂದು ತಿಳಿಯಬೇಕಾದರೆ ಉದ್ದನೆಯ ಮಾತೇ ಬೇಕು ಎಂಬುದು ಅವನ ವಾದ. ಅದೆಲ್ಲ ಬರೀ ನೆಪ. ಇಡೀ ದಿನದಲ್ಲಿ ಅವನು ಬಾಯ್ತುಂಬ ಮಾತಾಡುತ್ತಿದ್ದದ್ದೇ ಅಷ್ಟು.

ಐವತ್ತರ ಹತ್ತಿರದ ವಯಸ್ಸು. ಮದುವೆ ಆ ಕಾಲಕ್ಕೆ ಕೂಡಿಬರಲಿಲ್ಲ, ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ "ಬಂದೆಯಾ" ಎನ್ನುವ ಜೀವವೂ ಇಲ್ಲ. ಊರಿನ ಚರ್ಚಿನ ಮೈಕು ವರ್ಷಗಳಿಂದ ಅವನದೇ ಜವಾಬ್ದಾರಿ. ಪ್ರತಿ ಭಾನುವಾರ ಹಿಂದಿನ ಮೂಲೆಯಲ್ಲಿ ಕೂತು ಗುಂಯ್‌ಗುಡುವ ಸದ್ದಿಗೆ ಕಿವಿ ಕೊಡುತ್ತಿದ್ದನೇ ಹೊರತು ಪಾದ್ರಿಗಳ ಪ್ರಸಂಗಕ್ಕಲ್ಲ. "ಆಮೆನ್" ಎಂದು ಪ್ರಾರ್ಥನೆ ಮುಗಿದರೆ ಅವನಿಗೆ ವಾಲ್ಯೂಮ್ ತಗ್ಗಿಸುವ ಸೂಚನೆ, ಅಷ್ಟೇ.

ಆ ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೈಕಿನ ಮುಂದೆ ಹಲ್ಲುನೋವಿನಿಂದ ಹೊರಟ ಅವನ ಮಾತು ಎಲ್ಲೆಲ್ಲೋ ಸುತ್ತಿ ಎದೆಗೇ ಬಂದು ನಿಂತಿತು.

"ದೇವರೇ, ನಾನು ಸತ್ತು ಬಿದ್ರೂ ಮೈಕು ಕೆಟ್ಟಾಗಲೇ ಇವರಿಗೆ ಗೊತ್ತಾಗೋದು. ಮನೆ ಬೀಗ ತೆಗೆಯೋಕೇ ಭಯ ಆಗುತ್ತೆ ಕಣಪ್ಪ. ನೀನಿರೋದು ನಿಜ ಆದ್ರೆ ಒಂದು ಸಲ ಹೂಂ ಅನ್ನು. ಒಂದೇ ಸಲ."

ಹೆಡ್‌ಫೋನಿನಲ್ಲಿ ಉತ್ತರವೇನೂ ಕೇಳಿಸಲಿಲ್ಲ. ಕಣ್ಣೊರೆಸಿಕೊಂಡು ಬಗ್ಗಿದವನಿಗೆ ಆಂಪ್ಲಿಫೈಯರಿನ ಅಂಚಿನಲ್ಲಿ ಪುಟ್ಟ ಕೆಂಪು ದೀಪ ಕಂಡಿತು: ಒಂದು ಸ್ಪೀಕರು ಇನ್ನೂ ಆನ್ ಇದೆ.

ಚರ್ಚಿನ ಹಿಂದಿನ ಕೋಣೆಯಲ್ಲಿ ಪಾದ್ರಿಗಳ ತಾಯಿ ಮಲಗಿದ್ದರು. ಹಾಸಿಗೆ ಬಿಟ್ಟೇಳಲಾಗದ ಆ ಮುದುಕಿ ಆರಾಧನೆ ಕೇಳಲೆಂದು ತಲೆಯ ಬಳಿ ಒಂದು ಸ್ಪೀಕರು. ಬೆಳಿಗ್ಗೆ ಅದನ್ನು ಹೊಸದಾಗಿ ಕೂರಿಸಿದವನು ಇವನೇ. ಆ ಕೋಣೆಯ ಸ್ವಿಚ್ಚು ಆಫ್ ಮಾಡಲು ಮರೆತವನೂ ಇವನೇ.

ಸ್ವಿಚ್ಚು ಒತ್ತಿದ. ಆಕೆ ಮಗನಿಗೆ ಹೇಳುತ್ತಾರೆ, ಮಗ ಊರಿಗೆಲ್ಲ ಹೇಳುತ್ತಾನೆ, ನಾಳೆಯಿಂದ ಜನ ತನ್ನನ್ನು ಪಾಪ ಎಂಬಂತೆ ನೋಡುತ್ತಾರೆ. ಇನ್ನು ಈ ಕಡೆ ತಲೆ ಹಾಕಬಾರದು. ಹೊರಡೋಣವೆಂದರೆ ಸಾಮಾನಿನ ಚೀಲ, ಅದರೊಳಗೆ ಮನೆಯ ಬೀಗದ ಕೈ, ಎರಡೂ ಬೆಳಿಗ್ಗೆಯಿಂದ ಆಕೆಯ ಮಂಚದ ಕೆಳಗೆ. ನಿದ್ದೆ ಹೋಗಿರಬಹುದು ಎಂದುಕೊಂಡ. ಕಳ್ಳನ ಹಾಗೆ ಬಾಗಿಲು ಸರಿಸಿ ಒಳಗೆ ಕಾಲಿಟ್ಟ, ಮೊಣಕಾಲೂರಿ ಬಗ್ಗಿದ, ಚೀಲದ ಹಿಡಿಗೆ ಕೈ ಹಾಕಿದ.

"ಹೂಂ," ಎಂದಿತು ಮೇಲಿನಿಂದ ಒಂದು ಧ್ವನಿ.

ಚೀಲದ ಹಿಡಿ ಅವನ ಕೈಯಿಂದ ಜಾರಿತು.

"ಆಗಲೇ ಹೂಂ ಅಂದೆ ಕಣಪ್ಪ. ಜೋರಾಗೇ ಅಂದೆ. ನಿಂಗೆ ಕೇಳಿಸ್ಲಿಲ್ವಾ?"

ಮುಖ ಎತ್ತದೆಯೇ ಹೇಳಿದ: "ಇಲ್ಲಮ್ಮ. ಈ ತಂತಿ ಆ ಕಡೆಯಿಂದ ಈ ಕಡೆಗೆ ಮಾತ್ರ. ನೀವು ಅಂದಿದ್ದು ನನಗೆ ಬರಲ್ಲ."

"ಓ. ಹಾಗಾದ್ರೆ ಆ ದೇವ್ರು ಅಂದಿದ್ದೂ ನಿಂಗೆ ಬಂದಿರಲಿಕ್ಕಿಲ್ಲ."

ಅವನು ಚೀಲ ಹೊರಗೆಳೆದ, ಆದರೆ ಏಳಲಿಲ್ಲ.

"ಯೇಸುಸ್ವಾಮಿನೂ ಶಿಲುಬೆಗೆ ಹೋಗೋ ಹಿಂದಿನ ರಾತ್ರಿ ತೋಟದಲ್ಲಿ ಒಬ್ಬನೇ ಅತ್ತ. ಜೊತೆಗಿದ್ದ ಶಿಷ್ಯರು ಗೊರಕೆ ಹೊಡೀತಿದ್ರು. ಒಂಟಿತನ ಆತನಿಗೆ ಗೊತ್ತಪ್ಪ, ಯಾರೂ ಹೇಳ್ಕೊಡಬೇಕಾಗಿಲ್ಲ."

ಆ ಕಥೆಯ ಪ್ರಸಂಗಕ್ಕೆ ವರ್ಷವರ್ಷವೂ ಮೈಕು ಸರಿಮಾಡಿಕೊಟ್ಟವನು ಮೈಕಣ್ಣ. ಒಂದು ಸಲವೂ ಕಿವಿಗೊಟ್ಟು ಕೇಳಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಮ್ಮ," ಎಂದ.

"ಒಬ್ಬನಿಗೆ ಹೇಳ್ಲೇಬೇಕು," ಎಂದು ಆಕೆ ಒಣಗಿದ ಕೈ ಅವನ ತಲೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಪ್ರಾರ್ಥನೆ ಅಷ್ಟೇನೂ ಚೆನ್ನಾಗಿರಲಿಲ್ಲ. ನಡುವೆ ಕೆಮ್ಮು, ನಡುವೆ ಮರೆವು, ಹಲ್ಲುನೋವೂ ನಲ್ಲಿಯೂ ಅದರಲ್ಲೇ ಬಂದುಹೋದವು. ಬೀಗ ತೆಗೆಯುವಾಗ ಈ ಮಗನ ಜೊತೆಗಿರು ಎಂದಾಗ ಅವನು ತಡೆದಿದ್ದ ಅಳು ಹರಿಯಿತು. ಅದರ ಹಿಂದೆಯೇ ಭಯವೂ ಸಡಿಲವಾಯಿತು.

ಮಾತು ಕೊನೆಗೆ ಬಂತು ಎಂದು ತಿಳಿಯುತ್ತಲೇ ಅವನ ಬಲಗೈ ಎಂದಿನಂತೆ ವಾಲ್ಯೂಮಿನ ಗುಂಡಿಗಾಗಿ ತಡಕಾಡಿತು. ಗುಂಡಿ ಇರಲಿಲ್ಲ, ಮಂಚದ ಕಾಲು ಸಿಕ್ಕಿತು. ಅದನ್ನೇ ಬಿಗಿಯಾಗಿ ಹಿಡಿದುಕೊಂಡು, ಮೊದಲ ಬಾರಿಗೆ ತಾನೇ ಬಾಯಿಬಿಟ್ಟು "ಆಮೆನ್" ಎಂದ.