ಚಳಿಗೆ ಗಟ್ಟಿಯಾದ ತೋಟ

ನಂಜುಂಡಪ್ಪನ ಷರತ್ತು ಒಂದೇ. ತುರುವೇಕೆರೆಯ ಪ್ರದರ್ಶನದಲ್ಲಿ ಹೆಂಡತಿ ಮಂಗಳಾಳ ಚಿತ್ರ ಆಯ್ಕೆಯಾದರೆ ಅವಳು ಆಂಜನಪ್ಪ ಮೇಷ್ಟ್ರ ಬಳಿ ಭಾನುವಾರದ ತೈಲಚಿತ್ರದ ಪಾಠಕ್ಕೆ ಹೋಗಬಹುದು. ಆಗದಿದ್ದರೆ ಕುಂಚ ಕಟ್ಟಿಟ್ಟು ದನ, ತೋಟ ನೋಡಿಕೊಂಡಿರಬೇಕು. “ಒಂದೇ ಚಾನ್ಸು ಕಣೇ,” ಎಂದಿದ್ದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತನಗಾಗಿ ಏನನ್ನೂ ಕೇಳದಿದ್ದ ಮಂಗಳಾ ಅದಕ್ಕೂ ಹೂಂ ಎಂದಿದ್ದಳು.

ಚಿತ್ರ ಅವರದೇ ತೋಟದ್ದು. ದಂಡಿನಶಿವರದ ಹೊರಗೆ, ಬಾವಿಯ ಕಡೆಗೆ ವಾಲಿದ ಏಳು ತೆಂಗಿನ ಮರ, ಅದರಾಚೆ ರಾಗಿ ಕೊಯ್ದ ಬೋಳು ಹೊಲ. ಮರಗಳು ಅರ್ಧವಾಗುವ ಹೊತ್ತಿಗೆ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ಮುಗಿಯಿತು. ತಿಪಟೂರಿನಿಂದ ತರಬೇಕೆಂದರೆ ನಂಜುಂಡಪ್ಪ ನಕ್ಕ. “ತೆಂಗಿನ ಸೀಮೇಲಿ ಹುಟ್ಟಿ ಎಣ್ಣೆಗೆ ಊರೂರು ಅಲೀತೀಯಾ?” ಎಂದು ಮನೆಯ ಕೊಬ್ಬರಿ ಎಣ್ಣೆಯನ್ನು ತಾನೇ ಬಟ್ಟಲಿಗೆ ಸುರಿದ. ತಲೆನೋವಿನಿಂದ ಹಿಡಿದು ಬಾಗಿಲಿನ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಅದನ್ನೇ ಹಚ್ಚುವ ಜನ ನಾವು. ಮಂಗಳಾಳೂ ನಂಬಿದಳು.

ಆಗ ಪುಷ್ಯಮಾಸದ ಚಳಿ. ಅಟ್ಟದ ಕೆಳಗಿನ ತಣ್ಣನೆಯ ಕೋಣೆಯಲ್ಲಿ ಚಿತ್ರವನ್ನಿಟ್ಟು ದಿನಾ ಬೆಳಗ್ಗೆ ಮುಟ್ಟಿ ನೋಡುತ್ತಿದ್ದಳು. ಬಣ್ಣ ಗಟ್ಟಿಯಾಗಿತ್ತು. ಒಣಗಿತೆಂದು ಧೈರ್ಯವಾಗಿ ತಂದು ಪ್ರದರ್ಶನದ ಗೋಡೆಗೆ ನೇತುಹಾಕಿಸಿದಳು.

ಆ ಸಭಾಂಗಣಕ್ಕೆ ಶೀಟಿನ ಮಾಡು. ಮಧ್ಯಾಹ್ನವಾಗುತ್ತಲೇ ಒಳಗೆ ಕಾವು ಏರತೊಡಗಿತು. ಆಯ್ಕೆ ಮಾಡುವವರು ತುಮಕೂರಿನಿಂದ ಬರುವುದು ಮೂರು ಗಂಟೆಗೆ. ಎರಡೂವರೆಗೆ ಮೊದಲ ಮರದ ಗರಿ ಮಿನುಗಿದಂತೆ ಕಂಡು ಮಂಗಳಾ ಹತ್ತಿರ ಹೋದಳು. ಹಸಿರು ಸಣ್ಣಗೆ ಜಾರುತ್ತಿತ್ತು. ಯಾರೂ ನೋಡದಂತೆ ಸೆರಗಿನಿಂದ ಒತ್ತಿದಳು. ಆಕಾಶವೂ ಸೆರಗಿಗೆ ಬಂತು. ಇಳಿಸಿ ನೆಲದ ಮೇಲೆ ಮಲಗಿಸೋಣವೆಂದರೆ, ಗೋಡೆಯಿಂದ ಇಳಿದ ಚಿತ್ರ ಲೆಕ್ಕಕ್ಕಿಲ್ಲ. ಎರಡನೇ ಮರ ಕರಗಿತು, ಮೂರನೆಯದೂ. ಹೊರಗೆ ಕಾರು ನಿಂತ ಸದ್ದಾಯಿತು.

ಬಂದವರು ಬೋಳು ಹೊಲವನ್ನು ಬಗ್ಗಿ ನೋಡಿ, “ಹೊಲವನ್ನು ಚೆನ್ನಾಗಿ ಕಂಡಿದ್ದಾರೆ,” ಎಂದರು. ಆಮೇಲೆ ಬಾವಿಗೆ ಇಳಿಯುತ್ತಿದ್ದ ಹಸಿರು ಅವರ ಕಣ್ಣಿಗೆ ಬಿತ್ತು. ಪಕ್ಕದ ಚಿತ್ರಕ್ಕೆ ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪ್ರದರ್ಶನ ನೋಡಲು ಬಂದಿದ್ದ ಆಂಜನಪ್ಪ ಮೇಷ್ಟ್ರು ಬಣ್ಣವನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. “ಕೊಬ್ಬರಿ ಎಣ್ಣೆ. ಇದು ಜನ್ಮದಲ್ಲಿ ಒಣಗಲ್ಲ ಕಣಮ್ಮ. ಚಳಿಗೆ ಹೆಪ್ಪುಗಟ್ಟಿತ್ತು, ಅಷ್ಟೇಯ. ಯಾರು ಹಾಕು ಅಂದಿದ್ದು ನಿಂಗೆ?”

ಹತ್ತು ಜನ ತಿರುಗಿ ನೋಡಿದರು. ಮಂಗಳಾ ಹಿಂದೆ ನಿಂತಿದ್ದ ಗಂಡನ ಕಡೆ ನೋಡಲಿಲ್ಲ. ಅವನ ಹೆಸರೆತ್ತಿ ನಾಲ್ಕು ಜನರ ಮುಂದೆ ಮಾನ ಕಳೆಯಲು ಮನಸ್ಸಿಲ್ಲ. ತಪ್ಪು ತನ್ನದೇ ಎನ್ನೋಣವೆಂದರೆ, ಅಷ್ಟು ದಿನದ ಆಸೆ ಬಿಡಲಿಲ್ಲ.

ನಂಜುಂಡಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ನಾನೇ ಮೇಷ್ಟ್ರೇ, ಸುರಿದಿದ್ದು,” ಎಂದ. ಆಮೇಲೆ ಹೆಂಡತಿಯ ಸೆರಗಿಗೆ ಅಂಟಿದ ಆಕಾಶವನ್ನು ನೋಡುತ್ತಾ ಮೆಲ್ಲಗೆ ಹೇಳಿದ: “ಒಂದೇ ಚಾನ್ಸು ಅಂದಿದ್ದೆ. ಇವತ್ತು ಕೆಟ್ಟಿದ್ದು ನಂದು ಕಣೇ. ನಿಂದು ಇನ್ನೂ ಹಂಗೇ ಐತೆ.”