ತಾನಾಗಿ ತೆರೆದುಕೊಳ್ಳುವ ಪುಟ

ಬೈಂಡರನ ಹೆಂಡತಿ ತವರಿನಿಂದ ತಂದದ್ದು ಎರಡೇ ಆಸ್ತಿ: ಒಂದು ಗಂಟೆಯಂಥ ದನಿ, ಇನ್ನೊಂದು ಬೆರಳಿಟ್ಟು ದೇವರನ್ನು ಕೇಳುವ ಅಭ್ಯಾಸ. ದನಿಯ ದೆಸೆಯಿಂದ ಚರ್ಚಿನವರು ಅವಳನ್ನು ಗಂಟೆಯಕ್ಕ ಎಂದೇ ಕರೆಯುತ್ತಿದ್ದರು. ಅಭ್ಯಾಸ ಅವಳ ತಾಯಿಯದು. ಮನೆಯಲ್ಲಿ ಏನಾದರೂ ತೀರ್ಮಾನವಾಗಬೇಕಿದ್ದರೆ ಆ ತಾಯಿ ಕಣ್ಣು ಮುಚ್ಚಿ, ಬೈಬಲ್ ತೆರೆದು, ತೆರೆದ ಪುಟದ ಮೇಲೆ ಬೆರಳಿಡುತ್ತಿದ್ದರು. ಬೆರಳು ಬಿದ್ದ ವಾಕ್ಯವೇ ದೇವರ ಉತ್ತರ, ಅದರ ಮೇಲೆ ಅಪೀಲು ಇಲ್ಲ. ಮಗಳ ಮದುವೆಯೂ ಹಾಗೇ ನಿಕ್ಕಿಯಾಯಿತು. ಅಂದು ಬೆರಳು ಬಿದ್ದದ್ದು ದೇವರ ಗುಡಾರದ ಪರದೆಗಳು ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಎನ್ನುವ ಲೆಕ್ಕದ ಮೇಲೆ. “ಅಳೆದು ಕತ್ತರಿಸೋ ಕೆಲಸದವನೇ ಅಳಿಯ ಅಂತ ದೇವರೇ ಹೇಳಿಬಿಟ್ಟ,” ಎಂದು ಅತ್ತೆ ಸಾರಿಬಿಟ್ಟರು. ಹಗಲೆಲ್ಲ ಪುಸ್ತಕಗಳಿಗೆ ರಟ್ಟು ಅಳೆದು ಕತ್ತರಿಸುವ ಬೈಂಡರ್ ತಕರಾರು ಎತ್ತಲಿಲ್ಲ. ತನ್ನ ಕಡೆಗೇ ಬಂದ ತೀರ್ಪನ್ನು ಯಾವನು ತಾನೇ ಪ್ರಶ್ನಿಸುತ್ತಾನೆ?

ಅವನಿಗೆ ಹಾಡು ಮಾತ್ರ ಒಲಿದಿರಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಅವನು ಬಾಯಿ ತೆರೆದರೆ ಹೆಂಡತಿ ತೊಡೆ ಚಿವುಟುತ್ತಿದ್ದಳು. “ನೀವು ಮನಸ್ಸಲ್ಲೇ ಹಾಡ್ಕೊಳ್ಳಿ. ದೇವರಿಗೆ ಕೇಳಿಸುತ್ತೆ, ನನಗೆ ಕೇಳಿಸೋದು ಬೇಡ,” ಎನ್ನುತ್ತಿದ್ದಳು. ಚರ್ಚಿನಲ್ಲಿ ಅವಳ ಜಾಗ ಮುಂದೆ, ಹಾಡುವವರ ಸಾಲಿನಲ್ಲಿ. ಕೈ ಎಟುಕದಿದ್ದರೂ ಅಲ್ಲಿಂದಲೇ ಕಣ್ಣು ಬಿಟ್ಟು ನೋಡುತ್ತಿದ್ದಳು. ಅವನು ತೆಪ್ಪಗೆ ಬಾಯಿ ಮುಚ್ಚುತ್ತಿದ್ದ.

ಒಂದು ದಿನ ಅವಳ ಆ ದನಿ ಒಡೆಯಿತು. ನೆಗಡಿ ಇರಬೇಕು ಎಂದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದಳು, ಹಾಡಿಗೆ ಎರಡು ವಾರ ರಜೆ ಹಾಕಿದಳು. ಒಡೆದ ದನಿ ಕೂಡಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಗಂಟಲಿಗೆ ಸಣ್ಣ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಸುತ್ತುಬಳಸದೆ ಹೇಳಿದರು.

“ಕೆಟ್ಟ ಗಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ತೆಗೆದ್ರೆ ನೀವು ಉಳೀತೀರಿ, ದನಿ ಹೋಗುತ್ತೆ. ಬಿಟ್ರೆ ಎರಡೂ ಹೋಗುತ್ತೆ. ಮುಂದಿನ ವಾರ ಬಂದು ಅಡ್ಮಿಟ್ ಆಗಿ.”

ಇನ್ನೊಂದು ಆಸ್ಪತ್ರೆಯಲ್ಲಿ ಕೇಳಿದರು. ಅಲ್ಲಿನ ಡಾಕ್ಟರೂ ಇದನ್ನೇ ಹೇಳಿದರು, ಸ್ವಲ್ಪ ಮೆಲ್ಲಗೆ ಹೇಳಿದರು ಅಷ್ಟೆ.

ಮನೆಗೆ ಬಂದವಳೇ ಕೈಕಾಲು ತೊಳೆದು, ಊಟದ ಮೇಜಿನ ಮೇಲೆ ಬೈಬಲ್ ಇಟ್ಟುಕೊಂಡಳು. ಕಣ್ಣು ಮುಚ್ಚಿ, ತೆರೆದು, ಬೆರಳಿಟ್ಟಳು. ಬದುಕಿರುವ ತನಕ ದೇವರಿಗೆ ಹಾಡುತ್ತೇನೆ ಎನ್ನುವ ಕೀರ್ತನೆ ಬಂತು. ಅವಳ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು. ಮಾರನೆಯ ದಿನ ಖಾತ್ರಿಗೆ ಇನ್ನೊಮ್ಮೆ ತೆರೆದಳು. ಅದೇ ಪುಟ. ಮೂರನೆಯ ದಿನವೂ ಅದೇ.

“ಮೂರು ಸಲ, ರೀ,” ಎಂದಳು, ಒಡೆದ ದನಿಯಲ್ಲಿ. “ಇನ್ನು ನಾನು ಕತ್ತಿಗೆ ಕತ್ತು ಕೊಡಲ್ಲ. ಹಾಡು ಅಂತಿದಾನೆ. ಅವನೇ ವಾಸಿ ಮಾಡ್ತಾನೆ.”

ಅದೇ ಪುಟ ಬರಲು ಕಾರಣವೇನೆಂದು ಬೈಂಡರನಿಗೆ ಗೊತ್ತಿತ್ತು. ಮದುವೆಯಾದ ವರ್ಷ ಆ ಬೈಬಲ್ಲಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದವನು ಅವನೇ. ಅಂದಿನಿಂದ ಪ್ರತಿ ಶನಿವಾರದ ಹಾಡಿನ ಅಭ್ಯಾಸಕ್ಕೆ ಅವಳು ಅದೇ ಕೀರ್ತನೆಯಿಂದ ಶುರುಮಾಡುತ್ತಿದ್ದಳು. ಪುಟ ಮಗುಚದಿರಲಿ ಎಂದು ಮೊಣಕೈ ಊರಿ ಒತ್ತುತ್ತಿದ್ದಳು. ಅಲ್ಲಿ ದಾರ ಸಡಿಲಿದೆ, ಬೆನ್ನಿನ ಅಂಟು ಸೀಳಿದೆ. ಬೆನ್ನು ಮುರಿದ ಪುಸ್ತಕ ಮುರಿದ ಕಡೆಯೇ ತೆರೆದುಕೊಳ್ಳುತ್ತದೆ. ಅವಳಲ್ಲ, ಕಣ್ಣಿಲ್ಲದ ಗಾಳಿ ತೆರೆದರೂ ಅದೇ ಪುಟ ಬರುತ್ತಿತ್ತು.

ಹೇಳಿದರೆ ಅವಳ ಕೈಯಿಂದ ದೇವರ ಮಾತನ್ನೇ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅವಳೇ ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ. ಎರಡು ದಿನ ಮಾಡಿದ ಕೆಲಸವೆಲ್ಲ ಕೆಟ್ಟಿತು. ವಕೀಲರೊಬ್ಬರ ದಪ್ಪ ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿ ಬೈಸಿಕೊಂಡ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಹೊಳೆದಾಗ ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟ ಎನ್ನುವುದನ್ನೂ ಹೇಳಬೇಕು. “ಬೈಬಲ್ ಬೆನ್ನು ಬಿಟ್ಟಿದೆ, ಸರಿಮಾಡ್ಕೊಡ್ತೀನಿ,” ಎಂದು ಅದನ್ನು ಅಂಗಡಿಗೆ ತಂದ. ಅದರೊಳಗೆ ಒಬ್ಬ ರಾಜನ ಕತೆ ಇದೆ. ರಾಜ ಸಾಯುವ ಹಾಗಾಗಿ, ಗೋಡೆಯ ಕಡೆ ತಿರುಗಿ ಅತ್ತು ಪ್ರಾರ್ಥಿಸುತ್ತಾನೆ. ದೇವರು ಪ್ರಾರ್ಥನೆ ಕೇಳುತ್ತಾನೆ. ಕೇಳಿದ ಮೇಲೂ ಪ್ರವಾದಿ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸುತ್ತಾನೆ, ರಾಜ ಬದುಕುತ್ತಾನೆ. ಔಷಧಿಯೂ ದೇವರದ್ದೇ ಎನ್ನಲು ಇದಕ್ಕಿಂತ ಒಳ್ಳೆಯ ಪುಟ ಬೇಕೆ? ಕೀರ್ತನೆಯ ಹತ್ತಿರ ಹೊಸ ಅಂಟು ಹಾಕಿ ಬಿಗಿಮಾಡುವುದು, ರಾಜನ ಪುಟದ ಹತ್ತಿರ ಬೆನ್ನು ಮುರಿದು ಒತ್ತುಯಂತ್ರಕ್ಕೆ ಕೊಡುವುದು. ನಾಳೆ ಅವಳು ಕಣ್ಣು ಮುಚ್ಚಿ ತೆರೆದರೆ ರಾಜನೇ ಬರುತ್ತಾನೆ, ಮೂರು ಸಲವಲ್ಲ, ಮೂವತ್ತು ಸಲ.

ಅಂಟು ಹಚ್ಚಿದ. ರಾಜನ ಪುಟ ತೆರೆದು ಯಂತ್ರದ ಹಲಗೆಗಳ ನಡುವೆ ಇಟ್ಟ. ಹಿಡಿಯ ಮೇಲೆ ಕೈಯಿಟ್ಟು, ಯಾವ ದೊಡ್ಡ ಕೆಲಸಕ್ಕೂ ಮುಂಚೆ ಮಾಡುವ ಹಾಗೆ ಪ್ರಾರ್ಥಿಸಲು ನಿಂತ. “ಕರ್ತನೇ, ಈ ಕೆಲಸಕ್ಕೆ ನಿನ್ನ…” ಎಂದ. ಮುಂದಿನ ಮಾತು ಬರಲಿಲ್ಲ. ಆಶೀರ್ವಾದ ಎನ್ನಬೇಕಿತ್ತು. ದೇವರ ದನಿಯನ್ನು ತಾನೇ ತಯಾರಿಸಿ, ಅದಕ್ಕೆ ದೇವರ ಆಶೀರ್ವಾದವನ್ನೇ ಬೇಡುವುದು ಹೇಗೆ? ಮತ್ತೊಮ್ಮೆ ಶುರುಮಾಡಿದ, ಅಲ್ಲೇ ನಿಂತಿತು.

ಸ್ಟೂಲ್ ಎಳೆದುಕೊಂಡು ಕುಳಿತ. ವಿವೇಕ ಸಾಲದವನು ಬಾಯಿಬಿಟ್ಟು ಕೇಳಲಿ, ದೇವರು ಮೂದಲಿಸದೆ ಕೊಡುತ್ತಾನೆ ಎಂದು ಪಾದ್ರಿಗಳು ಹೇಳಿದ್ದು ನೆನಪಿತ್ತು. “ನನಗೆ ಬುದ್ಧಿ ಸಾಲದು,” ಎಂದ, ಗಟ್ಟಿಯಾಗಿಯೇ. “ಅವಳು ಸಾಯಬಾರದು. ಏನು ಮಾಡಲಿ ಹೇಳು.” ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಬೇರೇನೂ ಕೇಳಿಸಲಿಲ್ಲ. ಬಹಳ ಹೊತ್ತು ಕುಳಿತ ಮೇಲೆ ಅವನಿಗೆ ತಿಳಿದದ್ದು ಸಣ್ಣ ವಿಷಯ: ಈವರೆಗೆ ಅವಳಿಗೆ ತಾನು ಒಂದೂ ಸುಳ್ಳು ಹೇಳಿಲ್ಲ, ಆಸ್ಪತ್ರೆಗೆ ಹೋಗುವ ದಿನ ಅವಳ ಪಕ್ಕದಲ್ಲಿ ಸುಳ್ಳುಗಾರನಾಗಿ ಕೂರಲು ತನ್ನಿಂದಾಗದು. ಪುಸ್ತಕವನ್ನು ಹೊರಗೆ ತೆಗೆದು, ಹಸಿ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಗಡಿ ಮುಚ್ಚಿದ.

ಮನೆಯಲ್ಲಿ ಅವಳು ಬಟ್ಟೆ ಮಡಚುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಮುರಿದ ಬೆನ್ನನ್ನು ತೋರಿಸಿದ. ಮುರಿಯಲು ಹೊರಟಿದ್ದ ಇನ್ನೊಂದು ಜಾಗವನ್ನೂ ತೋರಿಸಿದ.

ಅವಳು ಕೆಂಡವಾದಳು. “ದೇವರ ಬಾಯಿಗೆ ನಿಮ್ಮ ಅಂಟು ಹಚ್ಚೋಕೆ ಹೋದ್ರಾ?”

“ಹೋಗಿದ್ದೆ. ಆಗಲಿಲ್ಲ.”

“ಹಾಗಾದ್ರೆ ಮೂರು ದಿನ ನನ್ನ ಹತ್ರ ಮಾತಾಡಿದ್ದು ನನ್ನ ಮೊಣಕೈನಾ?”

ಅವನಿಗೆ ನಗು ಬರಬಾರದಿತ್ತು, ಬಂತು. ಅವಳು ಕೈಯಲ್ಲಿದ್ದ ಟವೆಲನ್ನು ಅವನ ಮುಖಕ್ಕೆ ಎಸೆದಳು. ಆಮೇಲೆ ಕುರ್ಚಿಯಲ್ಲಿ ಕುಸಿದು ಅತ್ತಳು. ಕಾಯಿಲೆ ಗೊತ್ತಾದಂದಿನಿಂದ ಅವಳು ಅತ್ತಿರಲೇ ಇಲ್ಲ. ಅವನು ಪಕ್ಕದಲ್ಲಿ ನೆಲದ ಮೇಲೆ ಕುಳಿತ.

“ನಿಮಗೆ ಗೊತ್ತಿಲ್ಲ,” ಎಂದಳು ಕೊನೆಗೆ. “ಪ್ರಾರ್ಥನೆಗೆ ಕೂತ್ರೆ ನನಗೆ ನಿದ್ದೆ ಬರುತ್ತೆ. ಮನಸ್ಸು ಒಲೆ ಹತ್ರ ಓಡುತ್ತೆ. ಹಾಡುವಾಗ ಮಾತ್ರ ಅವನು ಅಲ್ಲೇ ಇದಾನೆ ಅನ್ಸುತ್ತೆ. ದನಿ ಹೋದ್ಮೇಲೆ ನಾನು ಅವನ ಹತ್ರ ಹೋಗೋದು ಹೇಗೆ? ನನಗೆ ಬೇರೆ ದಾರೀನೇ ಗೊತ್ತಿಲ್ಲ, ರೀ.”

ಇದಕ್ಕೆ ಪಾದ್ರಿಗಳಾದರೆ ಏನಾದರೂ ಹೇಳುತ್ತಿದ್ದರು. ಬೈಂಡರ್ ತಲೆ ಕೆರೆದುಕೊಂಡ. “ನನಗೆ ಮೊದಲಿಂದಲೂ ಹಾಡೋಕೆ ಬರಲ್ಲ,” ಎಂದ. “ಮನಸ್ಸಲ್ಲೇ ಹಾಡ್ಕೊಳ್ಳಿ, ಕೇಳಿಸುತ್ತೆ ಅಂತ ನೀನೇ ಹೇಳ್ತಿದ್ದೆ. ನಾನು ನಂಬಿದ್ದೆ.”

ಅವಳು ಅವನನ್ನೇ ನೋಡಿದಳು. “ನಾನು ತಮಾಷೆಗೆ ಹೇಳಿದ್ದು.”

“ನಾನು ನಿಜ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಹಾಡಿದ್ದೀನಿ.”

ಸಂಜೆ ಇಬ್ಬರೂ ಪುಸ್ತಕ ತೆರೆಯದೆ ಪ್ರಾರ್ಥಿಸಿದರು. ಅವಳ ಪ್ರಾರ್ಥನೆ ತುಂಬ ಚಿಕ್ಕದು: ನನಗೆ ಭಯ ಆಗ್ತಿದೆ, ಆದ್ರೂ ಹೋಗ್ತೀನಿ, ಜೊತೆಗಿರು. ಎದ್ದು ಚೀಲಕ್ಕೆ ಬಟ್ಟೆ ತುಂಬಿದಳು.

ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಬೈಬಲನ್ನು ಅವನ ಕೈಗೆ ಕೊಟ್ಟಳು. “ಪೂರ್ತಿ ಬಿಚ್ಚಿ ಹೊಸದಾಗಿ ಹೊಲೀರಿ. ಯಾವ ಪುಟದ ಮೇಲೂ ಪಕ್ಷಪಾತ ಬೇಡ.” ಅವಳ ಬಾಯಿಂದ ಅವನು ಕೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು.

ಆಪರೇಷನ್ ಚೆನ್ನಾಗಿ ಆಯಿತು. ಗಾಯ ಮಾಯಲು ಸಮಯ ಹಿಡಿಯಿತು. ಕತ್ತಿನ ತೂತಿನಿಂದ ಉಸಿರಾಡುವುದನ್ನು ಕಲಿತಳು, ಅದಕ್ಕೆ ತೆಳುವಾದ ಬಟ್ಟೆ ಕಟ್ಟಿಕೊಳ್ಳುವುದನ್ನೂ ಕಲಿತಳು. ಕೈಸನ್ನೆಯಲ್ಲೇ ಗಂಡನನ್ನು ಬೈಯುವುದನ್ನು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು, ಆಗ ಅವನು ಪಕ್ಕದಲ್ಲೇ ಕೂರುತ್ತಿದ್ದ.

ಚರ್ಚಿಗೆ ಮರಳಿದ ಮೊದಲ ಭಾನುವಾರ ಅವಳು ಹಾಡುವವರ ಸಾಲಿಗೆ ಹೋಗದೆ, ಹಿಂದಿನ ಬೆಂಚಿನಲ್ಲಿ ಗಂಡನ ಪಕ್ಕ ಬಂದು ಕುಳಿತಳು. ಪಾದ್ರಿಗಳು ಕೀರ್ತನೆಯ ಸಂಖ್ಯೆ ಹೇಳಿದರು. ಅವಳದೇ ಕೀರ್ತನೆ. ಹೊಸ ಹೊಲಿಗೆಯ ಬೈಬಲ್ ಬಿಗಿಯಾಗಿತ್ತು, ತಾನಾಗಿ ತೆರೆದುಕೊಳ್ಳಲಿಲ್ಲ. ಅವಳು ಒಂದೊಂದೇ ಹಾಳೆ ತಿರುವಿ ಹುಡುಕಿದಳು. ಸಿಕ್ಕಿತು. ಎಲ್ಲರೂ ಎದ್ದು ನಿಂತರು, ಹಾಡು ಶುರುವಾಯಿತು. ಅವಳ ತುಟಿಗಳು ಅಲುಗಿದವು. ಬೈಂಡರ್ ರೂಢಿಯಂತೆ ಬಾಯಿ ಮುಚ್ಚಿ ನಿಂತಿದ್ದ.

ತೊಡೆ ಚುರುಕ್ಕೆಂದಿತು. ಚಿವುಟಿದ್ದಳು. ಅವನು ಗಾಬರಿಯಾಗಿ, ತಾನು ಹಾಡುತ್ತಿಲ್ಲವೆಂದು ತಲೆಯಾಡಿಸಿದ. ಅವಳು ಇನ್ನೂ ಜೋರಾಗಿ ಚಿವುಟಿ, ಪುಟದ ಮೊದಲ ಸಾಲಿನ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟು ನೋಡಿದಳು.

ಅವನು ಬಾಯಿ ತೆರೆದ. ಶ್ರುತಿ ಎಲ್ಲಿಗೋ ಹೋಯಿತು, ಮುಂದಿನ ಬೆಂಚಿನವರು ತಿರುಗಿ ನೋಡಿದರು. ಅವಳ ಬೆರಳು ಸಾಲಿನ ಕೆಳಗೆ ಪದದಿಂದ ಪದಕ್ಕೆ ಸರಿಯುತ್ತಾ ಹೋಯಿತು. ಅವನು ಆ ಬೆರಳಿನ ಹಿಂದೆಯೇ, ಕಣ್ಣು ಒರೆಸಿಕೊಳ್ಳಲೂ ನಿಲ್ಲದೆ, ಕೊನೆಯ ತನಕ ಹಾಡಿದ.