ಕ್ಯಾಪ್ಟನ್ ಮಾರುತೇಶರಿಗೆ ಬಿದ್ದ ಅಂಕ

ಹೊಸದುರ್ಗದ ಮಾರುತೇಶ್ ಮೇಷ್ಟ್ರ ಬಡಾಯಿಗೆ ಏಳು ಸಮುದ್ರವೂ ಸಾಲುತ್ತಿರಲಿಲ್ಲ. ೨೦೦೫ರ ಇಂಟರ್ನೆಟ್ ಪಾಠದಲ್ಲಿ, ಹಡಗಿನ ದಾರಿ ಹೇಳುವ ಪುಟಗಳನ್ನು ಬರೆದವರು ಯಾರು, ಯಾವಾಗ, ಕಣ್ಣಾರೆ ಕಂಡು ಬರೆದರೇ ಎಂದು ನೋಡಿ ಅಂಕ ಕೊಡಿರೆಂದು ಮಕ್ಕಳಿಗೆ ಹೇಳಿದ್ದರು.

ವಿದ್ಯಾರ್ಥಿನಿ ಉಷಾರಾಣಿ ಒಂದು ಪ್ರಿಂಟ್ ತಂದಳು. ‘ಮಲ್ಪೆ ಕಡಲಿನ ಬಂಡೆಗಳು: ಮೂವತ್ತು ವರ್ಷ ಹಡಗು ನಡೆಸಿದ ಕ್ಯಾಪ್ಟನ್ ಮಾರುತೇಶ್, ಹೊಸದುರ್ಗ.’ ಹಿಂದೊಮ್ಮೆ ಸೈಬರ್ ಅಂಗಡಿಯಲ್ಲಿ ಕುಳಿತು ಮೇಷ್ಟ್ರೇ ಹೊಸೆದಿದ್ದ ಸುಳ್ಳು ಪುಟ.

“ನಮ್ ಸಾರೇ ಬರ್ದವ್ರೆ, ಹತ್ತಕ್ಕೆ ಹತ್ತು ಕೊಟ್ಟೀನಿ!” ಎಂದಳು.

ಚಪ್ಪಾಳೆ ಪಕ್ಕದ ತಾಲ್ಲೂಕಿನ ಹೊಳಲ್ಕೆರೆಗೂ ಕೇಳಿಸಿರಬೇಕು. ವಾಣಿವಿಲಾಸ ಸಾಗರದ ಅಣೆಕಟ್ಟಿನಾಚೆ ನೀರನ್ನೇ ಕಾಣದ ಮೇಷ್ಟ್ರ ಕಿವಿ ಕೆಂಡವಾಯಿತು. ಇದನ್ನು ನಂಬಿ ಯಾರಾದರೂ ದೋಣಿ ಬಿಟ್ಟರೆ?

“ಸೊನ್ನೆ ಹಾಕಮ್ಮ,” ಎಂದರು ನೆಲ ನೋಡುತ್ತ. “ನಾನು ಸಮುದ್ರ ನೋಡೇ ಇಲ್ಲ.”



“ಒಂದಾದ್ರೂ ಇರ್ಲಿ ಬಿಡ್ರಿ ಸಾರ್,” ಎಂದಳು ಉಷಾರಾಣಿ ಮೆಲ್ಲಗೆ, “ಕಾಗುಣಿತ ತಪ್ಪಿಲ್ಲ.”